ಹೀರೋನ ಹಿಂದಿನ ಮಂದಿ

ನನ್ನ ಜೊತೆ ಕೂತು ಸಿನಿಮಾ ನೋಡುವುದೆಂದರೆ ನನ್ನ ಹೆಂಡತಿಗೆ ಒಂದು ಶಿಕ್ಷೆ. ಹೀರೋ ರೈಲಿನಿಂದ ಇಳಿದು, ಹೀರೋಯಿನ್ ಓಡಿ ಬಂದು, ಇಬ್ಬರ ಕಣ್ಣಲ್ಲೂ ನೀರು ತುಂಬಿ, ಇತ್ತ ನಮ್ಮವಳು ಸೆರಗನ್ನು ಮೂಗಿಗೆ ಹಿಡಿಯುವ ಹೊತ್ತಿಗೆ ಸರಿಯಾಗಿ ನಾನು, "ಹಿಂದ ಛತ್ರಿ ಹಿಡದಾಂವನ ನೋಡು, ಅವನೇ ಎರಡು ಸಲ ಹಾದ" ಎಂದುಬಿಡುತ್ತೇನೆ. ಅವಳು, "ನೀವು ಅಳಂಗೂ ಇಲ್ಲ, ಅಳ್ಲಾಕ ಬಿಡಂಗೂ ಇಲ್ಲ ನೋಡ್ರಿ" ಎಂದು ರಿಮೋಟನ್ನು ನನ್ನ ಕಡೆ ಎಸೆದು ಎದ್ದು ಹೋಗುತ್ತಾಳೆ. ಅವಳ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಚಾಳಿ ನನ್ನ ಸ್ವಂತದ್ದಲ್ಲ. ಚಿಕ್ಕಂದಿನಲ್ಲಿ ಭಾಲ್ಕಿಯ ಮನೆಯಲ್ಲಿ ನನ್ನ ಸೋದರತ್ತೆ ಕಮಳತ್ತೆಯ ಮಗ್ಗುಲಲ್ಲಿ ಕೂತು ಅಂಟಿಸಿಕೊಂಡದ್ದು.

ಈಗಿನವರ ಅಭಿಪ್ರಾಯವೆಲ್ಲ ನಕ್ಷತ್ರದಲ್ಲಿ. ನನ್ನ ಮಗ ಸಿನಿಮಾ ನೋಡುವ ಮೊದಲೇ ಫೋನು ತೆಗೆದು ಅದಕ್ಕೆ ಎಷ್ಟು ನಕ್ಷತ್ರ ಬಿದ್ದಿವೆ ಎಂದು ನೋಡುತ್ತಾನೆ. ನಮ್ಮ ಕಾಲದಲ್ಲಿ ಹೆಣ್ಣು ನೋಡುವ ಮೊದಲು ನಕ್ಷತ್ರ ಕೇಳುತ್ತಿದ್ದರೇ ಹೊರತು ಪಿಚ್ಚರ್ ನೋಡುವ ಮೊದಲು ಯಾರೂ ಕೇಳುತ್ತಿರಲಿಲ್ಲ. ನೋಡಿ ಬಂದ ಮೇಲೆ ಮಾತ್ರ ಒಬ್ಬೊಬ್ಬರದು ಒಂದೊಂದು ತಕ್ಕಡಿ. ಬಟ್ಟೆ ಅಂಗಡಿ ಇಟ್ಟಿದ್ದ ನನ್ನ ಅಪ್ಪ ಎಲ್ಲವನ್ನೂ ಬಟ್ಟೆಯಿಂದಲೇ ತೂಗುತ್ತಿದ್ದ. "ದೊಡ್ಡ ಸಾಹುಕಾರನ ಹೆಂಡ್ತಿ ಅಂತ! ಉಟ್ಟಿದ್ದು ನಕಲಿ ರೇಶ್ಮಿ. ಖೊಟ್ಟಿ ಪಿಚ್ಚರ್" ಎಂದರೆ ಮುಗಿಯಿತು, ಆ ಸಿನಿಮಾಕ್ಕೆ ಮರುಜೀವವಿಲ್ಲ. ಅವ್ವನದು ಊಟದ ತಕ್ಕಡಿ. "ಮೂರು ತಾಸಿನಾಗ ಒಬ್ಬರರ ಹೊಟ್ಟಿ ತುಂಬ ಉಂಡ್ರೇನು? ತಾಟಿನ ಮುಂದ ಕುಂಡ್ರೋದು, ಸಿಟ್ಟಿಲೆ ಏಳೋದು. ಅನ್ನಕ್ಕ ಹಾಂಗ ಮಾಡಬಾರದು" ಎನ್ನುತ್ತಿದ್ದಳು. ಪಕ್ಕದ ಮನೆಯ ಮುದುಕನನ್ನು ಪಿಚ್ಚರ್ ಹೇಗಿತ್ತು ಎಂದು ಕೇಳಿದರೆ, "ಭಾಳ ಸಾಫ್ ಇತ್ತ್ರಿ, ಒಂದ್ ಗೆರಿ ಸೈತ ಬರಲಿಲ್ಲ" ಎನ್ನುತ್ತಿದ್ದ. ಕಥೆ ಅವನ ಲೆಕ್ಕಕ್ಕೇ ಇರಲಿಲ್ಲ.

ಅವು ಬರದ ವರ್ಷಗಳು. ಪರದೆಯ ಮೇಲೆ ಮಳೆ ಬಂದರೆ ಸಾಕು, ಅದರಲ್ಲಿ ಯಾರು ಕುಣಿಯುತ್ತಾರೆ ಎನ್ನುವುದನ್ನೂ ನೋಡದೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಕೊಡ ಹೊತ್ತು ಹೊತ್ತು ನಡು ಬಿದ್ದಿದ್ದ ಹೆಂಗಸರು ಮಾತ್ರ, "ಎಷ್ಟ್ ನೀರು ಹಾಳ ಮಾಡ್ತಾಳ ನೋಡವಾ" ಎಂದು ನಾಯಕಿಯನ್ನು ಬೈಯುತ್ತಿದ್ದರು.

ಅಂಥ ವರ್ಷದಲ್ಲೇ ನಮ್ಮ ಮನೆಗೆ ಟಿವಿ ಬಂತು. ಹೊಲದವರೆಲ್ಲ ಸರಕಾರದ ಕಾಮಗಾರಿಯ ಮೇಲೆ ರಸ್ತೆಯ ಖಡಿ ಕಲ್ಲು ಒಡೆಯುತ್ತ ಹಳೆಯ ಧೋತರಕ್ಕೆ ತೇಪೆ ಹಾಕಿಕೊಳ್ಳುತ್ತಿದ್ದರು, ಅಪ್ಪನ ಅಂಗಡಿಗೆ ನೊಣವೂ ಬರುತ್ತಿರಲಿಲ್ಲ. ಆಗ ಹೈದರಾಬಾದಿನ ಸಗಟು ವ್ಯಾಪಾರಿಯೊಬ್ಬ ತನ್ನ ಮನೆಯ ಹಳೆಯ ಕಪ್ಪು ಬಿಳುಪು ಡಬ್ಬಿಯನ್ನು ಅಪ್ಪನ ತಲೆಗೆ ಕಟ್ಟಿದ. ಅವ್ವ ಅದನ್ನು ನೋಡಿ, "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು" ಎಂದಳು. ಸಂಜೆ ಎಲ್ಲರಿಗಿಂತ ಮೊದಲು ಬಂದು ಅದರ ಮುಂದೆ ಕೂತವಳೂ ಅವಳೇ. ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವ ಹುದ್ದೆ ನನಗೆ ಬಿತ್ತು. ಕೆಳಗಿನಿಂದ, "ಬಂತು, ಬಂತು... ಹೋತು!" ಎಂದು ಕೂಗುತ್ತಿದ್ದರು. ಹೀಗಾಗಿ ಆ ಕಾಲದ ಎಷ್ಟೋ ಧಾರಾವಾಹಿಗಳನ್ನು ನಾನು ನೋಡಿದ್ದಲ್ಲ, ಬರೀ ಕೇಳಿದ್ದು. ಆದರೂ ಅವುಗಳ ಬಗ್ಗೆ ನನಗೆ ಖಡಾಖಂಡಿತ ಅಭಿಪ್ರಾಯಗಳಿದ್ದವು, ಈಗಲೂ ಇವೆ.

ಕಮಳತ್ತೆ ಅಪ್ಪನಿಗೆ ಒಬ್ಬಳೇ ತಂಗಿ. ಅವಳನ್ನು ಔರಾದ ತಾಲೂಕಿನ ಡಾಬಕಾಕ್ಕೆ ಕೊಟ್ಟಿದ್ದರು. ಗಂಡ ಮಾಣಿಕ ಮಾವ ನಗುಮೊಗದ ಮನುಷ್ಯ. ಪಿಚ್ಚರ್ ಹುಚ್ಚು ವಿಪರೀತ. ಆಗೆಲ್ಲ ಊರಲ್ಲಿ ಒಬ್ಬ ಪಟ್ಟಣಕ್ಕೆ ಹೋಗಿ ಪಿಚ್ಚರ್ ನೋಡಿ ಬಂದರೆ ಕಟ್ಟೆಯ ಮೇಲೆ ಕೂತು ಉಳಿದವರಿಗೆಲ್ಲ ಕಥೆ ಹೇಳಬೇಕು, ಅದು ಅವನು ಸಲ್ಲಿಸಬೇಕಾದ ಕಾಣಿಕೆ. ಮಾವ ಆ ಕಾಣಿಕೆಯನ್ನು ಧಾರಾಳವಾಗಿ ಸಲ್ಲಿಸುತ್ತಿದ್ದ. ಎರಡನೇ ವರ್ಷವೂ ಮಳೆ ಕೈಕೊಟ್ಟಾಗ ಡಾಬಕಾ, ಎಕಂಬಾ ಕಡೆಯ ಗಂಡಸರು ಗುಂಪು ಗುಂಪಾಗಿ ಮುಂಬೈಗೆ ದುಡಿಯಲು ಹೊರಟರು. ಮಾವನೂ ಹೋದ. ಒಮ್ಮೆ ಬಂದು ಹೋದ. ಆಮೇಲೆ ಬರಲಿಲ್ಲ. ಜೊತೆಗೆ ಹೋದವರು, ಕಟ್ಟಡದ ಕೆಲಸ ಮುಗಿದ ಮೇಲೆ ಅವನು ಕೂಲಿಯವರನ್ನು ಕರೆದೊಯ್ಯುವ ಬೇರೊಬ್ಬ ಮುಕಾದಮನ ಹಿಂದೆ ಹೋದನೆಂದೂ ಎಲ್ಲಿಗೆಂದು ತಮಗೆ ತಿಳಿಯದೆಂದೂ ಹೇಳಿದರು. ಅಪ್ಪ ತಾನೇ ಹೋಗಿ ಹುಡುಕಿ, ಕಾಲು ಬಾತಿಸಿಕೊಂಡು ಬಂದ. "ಮುಂಬೈ ಅಂದ್ರ ಊರಲ್ಲ, ಸಮುದ್ರ. ಬಿದ್ದಾಂವ ತಾನೇ ಎದ್ದು ಬಂದ್ರ ಬಂದ" ಎಂದ. ವರ್ಷಗಳು ಹಾಗೇ ಕಳೆದವು. ಕೊನೆಗೆ ಅಪ್ಪ ತಂಗಿಯನ್ನು ಭಾಲ್ಕಿಗೆ ಕರೆದುಕೊಂಡು ಬಂದ.

ಅತ್ತೆ ಟಿವಿ ನೋಡುತ್ತಿದ್ದ ರೀತಿಯೇ ಬೇರೆ. ಹೀರೋ ಯಾರು, ಖಳನಾಯಕ ಯಾರು ಎನ್ನುವುದು ಅವಳಿಗೆ ಬೇಕಿರಲಿಲ್ಲ. ಅವರ ಹೆಗಲ ಹಿಂದೆ ಹಾದುಹೋಗುವ ಜನರ ಮೇಲೆ ಅವಳ ಕಣ್ಣು. ಸ್ಟೇಷನ್, ಬಜಾರು, ಮೋರ್ಚಾ, ಗಣಪತಿ ಮೆರವಣಿಗೆ ಇದ್ದರೆ, "ಛಲೋ ಪಿಚ್ಚರ್. ಮಂದಿ ಭಾಳ ತೋರಸ್ಯಾರ" ಎನ್ನುತ್ತಿದ್ದಳು. ಎಲ್ಲರೂ ಮೆಚ್ಚಿ ಕಣ್ಣೀರಿಟ್ಟ ಮನೆಯೊಳಗಿನ ಕಥೆಗಳು ಅವಳಿಗೆ ಸೇರುತ್ತಿರಲಿಲ್ಲ. "ಏನಿದು, ನಾಕು ಗ್ವಾಡಿ, ಅದೇ ಅತ್ತಿ, ಅದೇ ಸೊಸಿ. ಹೊರಗ ಹೋಗಂಗೇ ಇಲ್ಲೇನು ಇವ್ರು?" ಎಂದು ಎದ್ದುಬಿಡುತ್ತಿದ್ದಳು. ಕ್ರಿಕೆಟ್ ಮ್ಯಾಚು ಮಾತ್ರ ಬಿಡುತ್ತಿರಲಿಲ್ಲ. ಮುಂಬೈಯಲ್ಲಿ ಆಟವಿದ್ದ ದಿನ ಅಡುಗೆ ಬೇಗ ಮುಗಿಸಿ ಬಂದು ಕೂತು, ಬೌಲರ್ ಓಡಿ ಬರುವಾಗ, "ಆ ಚೆಂಡು ಏನ್ ತೋರಸ್ತಾರ, ಆಕಡಿ ಮಂದಿ ತೋರಸ್ರಿ" ಎಂದು ಟಿವಿಗೇ ಹೇಳುತ್ತಿದ್ದಳು. ಸಿಕ್ಸರ್ ಬಿದ್ದರೆ ನಮಗಿಂತ ಹೆಚ್ಚು ಖುಷಿ ಅವಳಿಗೆ, ಯಾಕೆಂದರೆ ಚೆಂಡು ಜನರ ನಡುವೆ ಹೋಗಿ ಬೀಳುತ್ತದೆ. ನಾವು ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವಳೇನೂ ಮುಚ್ಚುಮರೆ ಮಾಡುತ್ತಿರಲಿಲ್ಲ. "ಅವ್ರು ಎಲ್ಲಿಯರ ಕಾಣ್ತಾರೇನೋ ಅಂತ ನೋಡ್ತೇನಿ" ಎನ್ನುತ್ತಿದ್ದಳು. ಆಗ ನಗು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ನಾವೂ ಅವಳ ಪರವಾಗಿ ಹುಡುಕಲು ತೊಡಗುತ್ತಿದ್ದೆವು. ಹಾಗೆ ನನ್ನ ಕಣ್ಣಿಗೆ ಈ ಚಾಳಿ ಬಿದ್ದದ್ದು.

ಈ ನಡುವೆ ಔರಾದದಿಂದ ಒಂದು ಮಾತು ಬಂತು. ಅಲ್ಲಿ ಶಿವರಾಜಪ್ಪ ಎಂಬವರದು ಪಾತ್ರೆಗಳ ಅಂಗಡಿ, ನಮ್ಮ ಕಡೆಯ ಮಾತಿನಲ್ಲಿ ಭಾಂಡೆ ಅಂಗಡಿ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಗಂಡ ಸತ್ತವಳಿಗೆ, ಗಂಡ ಬಿಟ್ಟುಹೋದವಳಿಗೆ ಉಡಿಕಿ ಮಾಡುವ ಪದ್ಧತಿ ನಮ್ಮಲ್ಲಿತ್ತು. ಹಂದರವಿಲ್ಲ, ವಾಲಗವಿಲ್ಲ. ಹಿರಿಯರು ಕೂತು ಮಾತಾಡಿ, ಹೊಸ ಸೀರೆ ಉಡಿಸಿ ಇನ್ನೊಂದು ಮನೆಗೆ ಕಳಿಸುತ್ತಿದ್ದರು. ಆದರೆ ಗಂಡ ಬದುಕಿದ್ದಾನೆ ಎಂಬ ಸುದ್ದಿ ಇದ್ದರೆ ಆ ಮಾತನ್ನೇ ಎತ್ತುವಂತಿಲ್ಲ. ಮಾವನ ಸುದ್ದಿ ಇಲ್ಲದೆ ಬಹಳ ಕಾಲವಾಗಿತ್ತು. ಹಿರಿಯರು ಆಗಬಹುದು ಎಂದರು. ಡಾಬಕಾದಲ್ಲಿದ್ದ ಮಾವನ ತಾಯಿ ಮಾತ್ರ, "ನನ್ನ ಮಗ ಬರ್ತಾನ" ಎಂದು ಹಟ ಹಿಡಿದಿದ್ದಳು.

ಶಿವರಾಜಪ್ಪನವರು ಒಂದು ಭಾನುವಾರ ನಮ್ಮ ಮನೆಗೆ ಬಂದರು. ಮಾತು ಕಡಿಮೆ. ಅಪ್ಪ ಗೌರವಕ್ಕೆಂದು ಟಿವಿ ಹಚ್ಚಿ, "ಹ್ಯಾಂಗದ ನೋಡ್ರಿ" ಎಂದು ಕೇಳಿದ. ಅವರು ಬಹಳ ಯೋಚಿಸಿ, "ನಡುವ ನಡುವ ಸಾಬೂನು, ಚಹಾಪುಡಿ ತೋರಸ್ತಾರಲ್ರಿ, ಅದು ಭಾಳ ಛಂದ ಅದ. ಯಾರೂ ಜಗಳ ಆಡಂಗಿಲ್ಲ" ಎಂದರು. ಅಪ್ಪ ಕೆಮ್ಮಿದ. ಬಾಗಿಲ ಹಿಂದೆ ನಿಂತಿದ್ದ ಅತ್ತೆ ಕಿಸಕ್ಕನೆ ನಕ್ಕದ್ದು ನನಗೆ ಕೇಳಿಸಿತು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಆ ದಿನ ಚಹಾಕ್ಕೆ ಹಾಲು ಹೆಚ್ಚಾಯಿತು ಎಂದು ಅವ್ವ ಸಂಜೆಯವರೆಗೂ ಗೊಣಗಿದಳು. ದಸರೆ ಆದ ಮೇಲೆ ಉಡಿಕಿ ಎಂದು ಮಾತಾಯಿತು.

ಇಲ್ಲಿ ಒಂದು ಶಬ್ದದ ಅರ್ಥ ಹೇಳಬೇಕು. ನಮ್ಮ ಬೀದರಿನಲ್ಲಿ 'ಹೊಸಾ ಪಿಚ್ಚರ್' ಎಂದರೆ ಹೊಸದಾಗಿ ತಯಾರಾದ ಪಿಚ್ಚರ್ ಅಲ್ಲ, ಹೊಸದಾಗಿ ಗೋಡೆಗೆ ಕಾಗದ ಹಚ್ಚಿದ ಪಿಚ್ಚರ್. ಮುಂಬೈ, ಹೈದರಾಬಾದಿನಲ್ಲೆಲ್ಲ ಓಡಿ, ಸವೆದು, ನಡುನಡುವೆ ಹರಿದು ಜೋಡಿಸಿಕೊಂಡ ರೀಲು ಎಷ್ಟೋ ವರ್ಷಗಳ ಮೇಲೆ ನಮ್ಮ ಟಾಕೀಜಿಗೆ ಬಂದರೂ ಟಾಂಗಾದಲ್ಲಿ ಧ್ವನಿವರ್ಧಕದ ಭೋಂಗಾ ಕಟ್ಟಿಕೊಂಡವನು, "ಹೊಸಾ ಪಿಚ್ಚರ್, ಹೊಸಾ ಪಿಚ್ಚರ್" ಎಂದೇ ಕೂಗಿಕೊಂಡು ಹೋಗುತ್ತಿದ್ದ. ನಾವೂ ಹಾಗೇ ತಿಳಿಯುತ್ತಿದ್ದೆವು. ಬೀದರಿಗೆ ಬಂದ ದಿನವೇ ಅದು ಹುಟ್ಟಿದ ದಿನ.

ದಸರೆಗೆ ಇನ್ನೂ ಸ್ವಲ್ಪ ದಿನವಿರುವಾಗ ಎಕಂಬಾದ ವೈಜನಾಥ ಓಡಿಬಂದ. ಅವನು ಮಾವನ ದೂರದ ಸಂಬಂಧಿ. ಬೀದರಿನಲ್ಲಿ ಹೊಸಾ ಪಿಚ್ಚರ್ ನೋಡಿದ್ದನಂತೆ. "ಮಾಣಿಕಣ್ಣ ಪಿಚ್ಚರ್‌ದಾಗ ಹಾನ್ರಿ! ಮುಂಬೈ ಸ್ಟೇಷನ್ದಾಗ ಗಂಟು ಹೊತ್ಕೊಂಡು ಹೀರೋನ ಹಿಂದಿಂದ ಹಾದು ಹೋಗ್ತಾನ. ಸುಳ್ಳ ಹೇಳಿದ್ರ ನನ್ನ ನಾಲಿಗಿ ಸೇದಿ ಹೋಗಲಿ" ಎಂದ. ಮನೆಯಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ. ಡಾಬಕಾದಿಂದ ಮುದುಕಿಯನ್ನು ಕರೆಸಿದರು. ಆ ವಾರವೇ ಅಪ್ಪ, ಅತ್ತೆ, ಮುದುಕಿ, ವೈಜನಾಥ, ಹಟ ಮಾಡಿ ಹೊರಟ ನಾನು, ಎಲ್ಲರೂ ಬಸ್ಸು ಹತ್ತಿ ಬೀದರಿಗೆ ಹೋದೆವು. ಪಿಚ್ಚರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೂ ಅದು ಬಂಡಲ್ ಎನ್ನುತ್ತೀರಿ, ನನಗೆ ಬೇಸರವಾಗುತ್ತದೆ.

ಮಧ್ಯಾಹ್ನದ ಆಟ. ಒಂದೇ ಸಾಲಿನಲ್ಲಿ ಕೂತೆವು. ಅತ್ತೆಯ ಒಂದು ಕಡೆ ಅಪ್ಪ, ಇನ್ನೊಂದು ಕಡೆ ಮುದುಕಿ. ಮೊದಲನೇ ಹಾಡು ಶುರುವಾದದ್ದೇ ಅಪ್ಪ ಕುರ್ಚಿಯಲ್ಲಿ ಸೆಟೆದು ಕೂತ. ನಾಯಕಿಯ ಸೀರೆ ಅಸಲಿ ರೇಷ್ಮೆ ಇರಬೇಕು ಎಂದುಕೊಂಡೆ. ಅರ್ಧ ಕಥೆಯಾದ ಮೇಲೆ ಸ್ಟೇಷನ್ ಬಂತು. ವೈಜನಾಥ ಎದ್ದು ನಿಂತು, "ಅಗೋ! ಅಗೋ ನೋಡ್ರಿ!" ಎಂದು ಕೂಗಿದ. ಹಿಂದಿನವರು, "ಏ, ಕುಂಡ್ರಲೇ" ಎಂದು ಬೈದರು. ಹೀರೋನ ಹೆಗಲ ಹಿಂದೆ ಒಬ್ಬ ಮನುಷ್ಯ ತಲೆಯ ಮೇಲೆ ಗಂಟು ಹೊತ್ತು, ಒಂದು ಕೈಯಿಂದ ಕುತ್ತಿಗೆ ಒರೆಸಿಕೊಂಡು ದಾಟಿದ. ಮಾವನ ಹಾಗೇ ಇದ್ದ. ಇಷ್ಟೇ, ಕಣ್ಣು ಮಿಟುಕಿಸುವಷ್ಟು ಹೊತ್ತು. ಮುದುಕಿ, "ನನ್ನ ಮಗ ಹಾನ, ನನ್ನ ಮಗ ಹಾನ" ಎಂದು ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು. ಎಲ್ಲರೂ ಅತ್ತೆಯ ಕಡೆ ತಿರುಗಿದೆವು. ಅವಳು ಅಪ್ಪನ ಮುಖ ನೋಡಿದಳು. ಆಮೇಲೆ ಪರದೆಯ ಕಡೆ ನೋಡಿ ಮೆಲ್ಲಗೆ, "ಹೌದು. ಅವ್ರೇ" ಎಂದಳು.

ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಭಜಿ ಕೊಡಿಸಿ, ತಾನು ತಿನ್ನದೆ ನಿಂತ.

ಉಡಿಕಿ ಅಲ್ಲಿಗೆ ನಿಂತಿತು. ಬದುಕಿರುವ ಗಂಡನನ್ನು ಊರಿಗೆ ಊರೇ ನೋಡಿದ ಮೇಲೆ ಯಾವ ಹಿರಿಯರು ಮುಂದೆ ಬರುತ್ತಾರೆ? ಶಿವರಾಜಪ್ಪನವರು ಒಂದು ವರ್ಷ ಕಾದರು ಎಂದು ಕೇಳಿದ್ದೇನೆ. ಆಮೇಲೆ ಉದಗೀರ ಕಡೆಯ ಒಬ್ಬಳನ್ನು ಮಾಡಿಕೊಂಡರು. ಮಳೆ ಬಂತು, ಮುಂಬೈಗೆ ಹೋದವರಲ್ಲಿ ಬರುವವರೆಲ್ಲ ಬಂದರು. ಮಾವ ಬರಲಿಲ್ಲ. ಅತ್ತೆ ಅಪ್ಪನ ಅಂಗಡಿಯಲ್ಲಿ ಕೂತು ಸೀರೆಗಳಿಗೆ ಫಾಲ್ ಹಚ್ಚಿದಳು, ನಮ್ಮನ್ನು ಬೆಳೆಸಿದಳು, ನಮ್ಮ ಮಕ್ಕಳನ್ನೂ ಎತ್ತಿ ಆಡಿಸಿದಳು. ಆ ಮಧ್ಯಾಹ್ನದ ನಂತರ ಅವಳು ಪರದೆಯಲ್ಲಿ ಮಂದಿಯನ್ನು ಹುಡುಕುವುದು ಬಿಟ್ಟಳು. ಸಿಕ್ಕನಲ್ಲ, ಇನ್ನೇಕೆ ಹುಡುಕುವುದು ಎಂದು ನಾವು ತಿಳಿದೆವು. ಹುಡುಕುವ ಚಾಳಿ ನನ್ನೊಬ್ಬನಲ್ಲಿ ಉಳಿಯಿತು.

ಅಪ್ಪನಿಗೆ ಬಹಳ ವಯಸ್ಸಾಗಿ, ಬೀದರಿನ ನನ್ನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಗ ಒಂದು ಬೆಳಿಗ್ಗೆ ನನ್ನನ್ನು ಹತ್ತಿರ ಕರೆದ. "ಆ ಪಿಚ್ಚರ್‌ದಾಗ ಇದ್ದಾಂವ ಮಾಣಿಕ ಅಲ್ಲ" ಎಂದ.

"ನಿಮಗ ಹ್ಯಾಂಗ ಗೊತ್ತಪ್ಪಾ?"

"ಬರ ಬೀಳೋಕಿಂತ ಮೊದಲು ನಾನೂ ಅಂವನೂ ಮಾಲ ತರಲಾಕ ಹೈದರಾಬಾದಿಗಿ ಹೋಗಿದ್ದೆವು. ಅದೇ ಪಿಚ್ಚರ್ ಕೂಡೇ ನೋಡೀವಿ. ಹಾಡು ಬಂದ ಕೂಡ್ಲೇ ನೆನಪಾತು. ನನ್ನ ಬಾಜೂಕ ಕುಂತು ಶೇಂಗಾ ತಿಂದಾಂವ ಪರದೆ ಮ್ಯಾಲ ಹ್ಯಾಂಗ ಇರ್ತಾನ?"

ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅಕಿ 'ಅವ್ರೇ' ಅಂದಳಲ್ಲೋ. ಅಷ್ಟು ವರ್ಷ ಹುಡಕಿ ಹುಡಕಿ ಅಕಿ ಜೀವಕ್ಕ ಒಂದ್ ಸಮಾಧಾನ ಸಿಕ್ಕಿತ್ತು. ಅದನ್ನ ಕಸಗೋಬೇಕೇನು? ನುಂಗಿಕೊಂಡು ಕುಂತೆ. ನಾ ಜಲ್ಮದಾಗ ಮಾಡಿದ್ದು ಅದೊಂದೇ ಪುಣ್ಯದ ಕೆಲಸ. ಅಕಿಗಿ ಮಾತ್ರ ಹೇಳಬ್ಯಾಡ" ಎಂದ. ಅವನ ಮುಖದಲ್ಲಿ ಎಂಥ ನೆಮ್ಮದಿ ಇತ್ತೆಂದರೆ ನಾನು ಅವನ ಕೈ ಒತ್ತಿ ಆಗಲಿ ಎಂದೆ. ಕೆಲವು ದಿನಗಳಲ್ಲಿ ಅವನು ಹೋದ.

ಅತ್ತೆ ಈಗ ನಮ್ಮ ಜೊತೆಗೇ ಇದ್ದಾಳೆ. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಹೆಂಡತಿ ಹಪ್ಪಳ ಒಣಗಿಸಲು ಮೇಲೆ ಹೋಗಿದ್ದಳು. ನಾನು ಚಾನೆಲ್ ಬದಲಿಸುತ್ತ ಕೂತಿದ್ದೆ. ಯಾವುದೋ ಹಳೆಯ ಹಾಡು ಬಂತು. ನೋಡಿದರೆ ಅದೇ ಪಿಚ್ಚರ್. ಬದಲಿಸಲು ಹೋದೆ, ಅತ್ತೆ, "ಇರಲಿ ಬಿಡಪಾ" ಎಂದಳು. ಅವಳು ನೋಡುತ್ತಾ ನೋಡುತ್ತಾ ಮುಂದಿನದನ್ನು ಮೊದಲೇ ಹೇಳತೊಡಗಿದಳು. ಈಗ ತಾಯಿಗೆ ಕಣ್ಣು ಹೋಗುತ್ತವೆ, ಈಗ ಹೀರೋನ ತಮ್ಮ ಮನೆ ಬಿಟ್ಟು ಹೋಗುತ್ತಾನೆ.

"ಒಮ್ಮೆ ನೋಡಿದ್ದು ಎಷ್ಟ್ ನೆನಪಿಟ್ಟಿ ಅತ್ತಿ" ಎಂದೆ.

"ನೋಡೋಕಿಂತ ಮೊದಲೇ ನನಗ ಗೊತ್ತಿತ್ತು. ನಿಮ್ಮ ಮಾವ ಹೈದರಾಬಾದಿಂದ ಬಂದು ನಾ ಜ್ವಾಳ ಬೀಸಾಗ ಪೂರಾ ಹೇಳಿದ್ರು. ನಿಮ್ಮಪ್ಪನ ಜೋಡಿ ನೋಡಿದ್ರಲ್ಲ." ಅವಳು ನಕ್ಕಳು. "ಅವ್ರು ಹೇಳಿದ್ರಾಗ ಒಂದ್ ಹುಲಿ ಇತ್ತು. ಟಾಕೀಜದಾಗ ಹುಲಿ ಬರಲೇ ಇಲ್ಲ. ಉಳದದ್ದೆಲ್ಲ ಬರೋಬ್ಬರಿ ಅದೇ ಇತ್ತು."

ನಾನು ಟಿವಿಯ ಧ್ವನಿ ಕಡಿಮೆ ಮಾಡಿದೆ. "ಹಾಂಗಾದ್ರ ಅಂವ ಮಾವ ಅಲ್ಲ ಅಂತ ನಿನಗ ಅವತ್ತೇ..."

"ಗೊತ್ತಿತ್ತು."

"ಮತ್ತ 'ಅವ್ರೇ' ಅಂತ ಯಾಕ ಅಂದಿ?"

"ಬಾಜೂಕ ನಮ್ಮತ್ತಿ ಅಳ್ಲಕತ್ತಿದ್ದಳು. ದಸರಿ ಆದ್ರ ಉಡಿಕಿ. ನಾ 'ಅಲ್ಲ' ಅಂದಿದ್ರ ಮಂದಿ ಏನಂತಿದ್ರು? ಇಕಿಗಿ ಅವಸರ ಆಗ್ಯದ, ಅದಕ್ಕ ಜೀವಂತ ಗಂಡನ್ನ ಅಲ್ಲ ಅಂತಾಳ ಅಂತಿದ್ರು. ಹೆಂಡ್ತಿ ಆದಾಕಿ ಬಾಯಾಗ ಆ ಮಾತು ಹ್ಯಾಂಗ ಬರಬೇಕು? 'ಅಲ್ಲ' ಅಂತ ಅಣ್ಣನೇ ಹೇಳ್ತಾನ ಅಂತ ತಿಳಕೊಂಡೆ. ಅಂವಗ ಗೊತ್ತಿತ್ತಲ್ಲ. ಬಸ್ಸಿನಾಗ ಅಂತಾನ ಅಂದುಕೊಂಡೆ. ಮನಿಗಿ ಹೋಗಿ ಅಂತಾನ ಅಂದುಕೊಂಡೆ. ದಸರಿ ಆತು, ದೀಪಾವಳಿ ಆತು. ಅನಲೇ ಇಲ್ಲ."

ಪರದೆಯ ಮೇಲೆ ಸ್ಟೇಷನ್ ಬಂತು. ಗಂಟು ಹೊತ್ತವನು ದಾಟಿ ಹೋದ. ಇಬ್ಬರೂ ನೋಡಿದೆವು.

"ಅಣ್ಣಗ ಉಡಿಕಿ ಮನಸಿಗಿ ಬಂದಿರ್ಲಿಕ್ಕಿಲ್ಲ" ಎಂದಳು ಅತ್ತೆ. "ನನಗೂ ಕೇಳ್ಲಾಕ ನಾಚಿಕಿ. ಔರಾದದವ್ರು ಛಲೋ ಮನಷ್ಯಾ ಇದ್ರು." ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಮುಂದ ನಿಮ್ಮಪ್ಪ ಎಂದರ ಏನರ ಅಂದಿದ್ದನೇನು?" ಎಂದು ಕೇಳಿದಳು.

ಹೇಳಿದರೆ ಅಣ್ಣನಿಗೆ ತನ್ನ ಮೇಲೆ ಎಷ್ಟು ಮಮತೆ ಇತ್ತೆಂದು ಅವಳಿಗೆ ತಿಳಿಯುತ್ತಿತ್ತು. ತನ್ನ ಬಾಳು ಒಂದೇ ಒಂದು ಮಾತಿಗೆ, ಅದೂ ಇಬ್ಬರ ಬಾಯಲ್ಲೂ ಇದ್ದು ಹೊರಬಾರದ ಮಾತಿಗೆ ನಿಂತುಹೋಯಿತೆಂದೂ ತಿಳಿಯುತ್ತಿತ್ತು. "ಇಲ್ಲ ಅತ್ತಿ, ಏನೂ ಅಂದಿಲ್ಲ" ಎಂದೆ. ಎಷ್ಟೆಂದರೂ ನಾನು ಅಪ್ಪನ ಮಗ.

ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ದಿನವೂ ಯೋಚಿಸುತ್ತೇನೆ. ದಿನವೂ ಅವಳ ಪಕ್ಕದಲ್ಲೇ ಕೂತು ಟಿವಿ ನೋಡುತ್ತೇನೆ. ನಿಮ್ಮ ಮುಂದೆ ಇಷ್ಟನ್ನು ಹೇಳುವ ಧೈರ್ಯ ಬಂದದ್ದೂ ಅತ್ತೆಗೆ ಓದಲು ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ.